ನಾಲ್ಕನೇ ಕಂಬದ ಬುಡ

ಆಗಸ್ಟ್ 11

ಮಗಳಿಗೆ ಆಶೀರ್ವಾದಗಳು.

ನಿನ್ನೆ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಹಳೆಯ ಸೇತುವೆಯ ನಾಲ್ಕನೇ ಕಂಬ ಕುಸಿಯಿತು. ಅದರ ಮೇಲಿದ್ದ ರಸ್ತೆ ನದಿಗೆ ಬಿತ್ತು. ನಿನ್ನ ಗುಂಡು ಮಾವ ಇನ್ನೂ ಸಿಕ್ಕಿಲ್ಲ.

ಕಣ್ಣಾರೆ ಕಂಡು ಹೇಳಿದವನು ಮೊದಲ ಬಸ್ಸಿನ ಚಾಲಕ. ಪ್ರವಾಹದ ದಿನಗಳಲ್ಲಿ ಮಾವ ಆರು ಗಂಟೆಗೇ ನೀರಿನ ಮಟ್ಟ ಬರೆದುಕೊಳ್ಳಲು ಹೋಗುತ್ತಿದ್ದದ್ದು ನಿನಗೆ ಗೊತ್ತು. ಬಸ್ಸು ಬರುವಷ್ಟರಲ್ಲಿ ಅವನು ಸೈಕಲ್ಲನ್ನು ರಸ್ತೆಗೆ ಅಡ್ಡ ಮಲಗಿಸಿ ಕೈ ಎತ್ತಿ ನಿಂತಿದ್ದನಂತೆ. ಚಾಲಕ ತಲೆ ಹೊರಗೆ ಹಾಕಿ, "ಏನ್ರೀ ಇದು, ಬೆಳಗಾಗೆದ್ದು ನಿಮ್ಮ ರಗಳೆ?" ಅಂದ. "ರಸ್ತೆ ತಗ್ಗಿದೆ, ಕಣ್ಣು ಕಾಣಲ್ವಾ? ಹಿಂದಕ್ಕೆ ತಗೋ ಮಾರಾಯ" ಎಂದು ಮಾವ ಬೈದ. ಬಸ್ಸಿನಲ್ಲಿ ಮೂವತ್ತೊಂದು ಜನ ಇದ್ದರು. ಬಸ್ಸು ಹಿಂದೆ ಸರಿದ ಮೇಲೆ ಆಚೆ ತುದಿಯಲ್ಲಿ ಒಂದು ವ್ಯಾನಿನ ದೀಪ ಕಂಡಿತು. ಅದನ್ನು ನಿಲ್ಲಿಸಲು ಮಾವ ಸೇತುವೆಯ ಮೇಲೆ ಓಡಿದ. ಅರ್ಧ ದಾರಿಯಲ್ಲಿ ಕಂಬ ಕೂತಿತು.

ವ್ಯಾನು ನಿಂತಿತು. ಅದರಲ್ಲಿದ್ದವರೂ ಉಳಿದರು.

ನಾನು ಸೇತುವೆ ವಿಭಾಗದ ಎಂಜಿನಿಯರಾಗಿದ್ದಷ್ಟು ಕಾಲ ನನ್ನ ಕೈಕೆಳಗೆ ಕಂಬಗಳ ಬುಡದ ಆಳ ಅಳೆದವನು ಅವನೊಬ್ಬನೇ. ಅವನ ನಿವೃತ್ತಿಗೆ ನಾಲ್ಕು ತಿಂಗಳು ಬಾಕಿಯಿತ್ತು. ನಿಮ್ಮಮ್ಮ ಮಾವನ ಮನೆಯಲ್ಲಿ ಅತ್ತೆಯ ಜೊತೆಗಿದ್ದಾಳೆ. ನಾನು ದಡಕ್ಕೆ ಹೋಗಿ ಬರುತ್ತಿದ್ದೇನೆ.

ಇಂತಿ,
ಅಪ್ಪ

ಆಗಸ್ಟ್ 17

ಅಪ್ಪನಿಗೆ ನಮಸ್ಕಾರ.

ಮಾವ ಆರು ಕಿಲೋಮೀಟರು ಕೆಳಗೆ, ಜೊಂಡಿನ ನಡುವೆ ಸಿಕ್ಕರೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಅಷ್ಟು ಹೇಳಿ ಇಟ್ಟುಬಿಟ್ಟಳು.

ಎರಡನೇ ತರಗತಿಯಲ್ಲಿದ್ದಾಗ ನಾನು ಅವರನ್ನು, "ಕಡ್ಡಿ ಥರ ಇದ್ದೀರಿ, ಗುಂಡು ಮಾವ ಅಂತ ಯಾಕೆ ಕರೀತಾರೆ?" ಎಂದು ಕೇಳಿದ್ದೆ. ಅವರು ಆಳ ಅಳೆಯುವ ಹಗ್ಗದ ತುದಿಯ ಸೀಸದ ಗುಂಡನ್ನು ನನ್ನ ಎರಡೂ ಅಂಗೈಗೆ ಇಟ್ಟು, "ದಿನಾ ಗುಂಡು ಹಾಕ್ತೀನಿ ಪುಟ್ಟೀ, ಒಂದಿನಾನೂ ತೂರಾಡಿಲ್ಲ ನೋಡು" ಅಂದರು. ಒಳಗಿಂದ ಅತ್ತೆ, "ಮಗೂಗೆ ಹೇಳೋ ಮಾತಾ ಅದು?" ಎಂದು ಗದರಿಸಿದ್ದರು.

ನಾನು ಬರಬೇಕಿತ್ತು. ಬರಲಿಲ್ಲ. ಪ್ರಯೋಗಾಲಯದಲ್ಲಿ ಕೆಲಸವಿತ್ತೆಂದು ಅಮ್ಮನಿಗೆ ಹೇಳಿದ್ದೇನೆ.

ಒಂದು ವಿಷಯ ತಿಳಿಸಿ. ಮಾವನ ಕಳೆದ ವರ್ಷದ ಅಳತೆ ಪುಸ್ತಕದಲ್ಲಿ ನಾಲ್ಕನೇ ಕಂಬದ ಆಳ ಎಷ್ಟೆಂದು ಬರೆದಿತ್ತು?

ನಿಮ್ಮ ಮಗಳು

ಆಗಸ್ಟ್ 31

ಮಗಳಿಗೆ,

ನೀನು ಕೇಳಿದ ಅಂಕಿ: ನದಿಯ ತಳ ಹಿಂದಿನ ವರ್ಷಕ್ಕಿಂತ ನಾಲ್ಕು ಇಂಚು ತಗ್ಗಿತ್ತು, ಅಷ್ಟೇ. ಕಂಬದ ಅಡಿಪಾಯ ತಳದಿಂದ ಹದಿನೆಂಟು ಅಡಿ ಕೆಳಗಿದೆ. ಈ ಲೆಕ್ಕದಲ್ಲಿ ಕಂಬ ಬೀಳಬಾರದಿತ್ತು.

ವಿಚಾರಣಾಧಿಕಾರಿ ಹಿಡಿದುಕೊಂಡಿರುವುದೂ ಇದನ್ನೇ. ಪುಸ್ತಕದಲ್ಲಿ ಎಲ್ಲ ಸರಿಯಾಗಿದ್ದು ಕಂಬ ಬಿದ್ದಿದ್ದರೆ ಪುಸ್ತಕ ಸುಳ್ಳು ಎಂಬುದು ಅವರ ತರ್ಕ. ಮೊನ್ನೆಯ ಪತ್ರಿಕೆಯಲ್ಲಿ ಮೂರು ಕಾಲಂ ಶೀರ್ಷಿಕೆ ಬಂದಿದೆ: 'ಮನೆಯಲ್ಲೇ ಕುಳಿತು ಆಳ ಬರೆದ ನೌಕರ?' ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈ ತೊಳೆದುಕೊಂಡಿದ್ದಾರೆ.

ಮೂವತ್ತೊಂದು ಜನರನ್ನು ಉಳಿಸಿದವನ ಸುದ್ದಿ ಒಂದೇ ದಿನ ಬಂದಿತ್ತು. ಇದು ಮೂರು ದಿನದಿಂದ ಬರುತ್ತಿದೆ.

ಅತ್ತೆಯ ಮನೆಗೆ ಹೋಗಿದ್ದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಅವನ ರೇನ್‌ಕೋಟು ಹಾಗೇ ಇದೆ. ಅತ್ತೆ ಅಳಲಿಲ್ಲ. "ಅಣ್ಣಾ, ಜ್ವರ ಬಂದ್ರೂ ಹೋಗ್ತಿದ್ರು. ಸೊಂಟದ ತನಕ ಕೆಸರಾಗಿರೋ ಪ್ಯಾಂಟು ಒಗೆದವಳು ನಾನು. ಮನೇಲಿ ಕೂತು ಬರೆದಿದ್ರೆ ಪ್ಯಾಂಟಿಗೆ ಕೆಸರು ಎಲ್ಲಿಂದ ಬರ್ತಿತ್ತು? ಹೋಗಿ ಕೇಳಿ ಅವರನ್ನ" ಎಂದರು. ನಾನು ಹೋಗಿ ಕೇಳಿದೆ. ಪ್ಯಾಂಟನ್ನು ಸಾಕ್ಷಿಯಾಗಿ ಬರೆದುಕೊಳ್ಳಲು ಬರುವುದಿಲ್ಲವಂತೆ.

ತಳ ಸರಿಯಿದ್ದೂ ಕಂಬ ಕುಸಿಯಲು ಸಾಧ್ಯವೇ? ನೀರನ್ನೇ ಓದುವ ಕೆಲಸ ನಿನ್ನದು. ಅದಕ್ಕೆ ಕೇಳುತ್ತಿದ್ದೇನೆ.

ಇಂತಿ,
ಅಪ್ಪ

ಸೆಪ್ಟೆಂಬರ್ 14

ಅಪ್ಪನಿಗೆ,

ಸಾಧ್ಯ. ನಮ್ಮ ಗಾಜಿನ ತೊಟ್ಟಿಯಲ್ಲಿ ನಿನ್ನೆ ಮತ್ತೊಮ್ಮೆ ಮಾಡಿ ನೋಡಿದೆ.

ತೊಟ್ಟಿ ಹನ್ನೆರಡು ಮೀಟರ್ ಉದ್ದ, ನನ್ನ ಸೊಂಟದಷ್ಟು ಎತ್ತರ. ತಳದಲ್ಲಿ ಒಂದು ಅಡಿ ಮರಳು. ನಡುವೆ ಮರದ ಕಂಬವೊಂದನ್ನು ನಿಲ್ಲಿಸಿ ನೀರು ಬಿಟ್ಟೆವು. ನೀರಿನ ದಾರಿ ಕಾಣಲೆಂದು ನೇರಳೆ ಬಣ್ಣವನ್ನು ಸಣ್ಣ ಕೊಳವೆಯಿಂದ ಬಿಡುತ್ತೇವೆ. ಕಂಬದ ಮುಖಕ್ಕೆ ಬಡಿದ ನೀರಿಗೆ ಮುಂದೆ ಹೋಗಲು ದಾರಿಯಿಲ್ಲ. ಅದು ಕಂಬದ ಮೈ ಹಿಡಿದು ಕೆಳಗಿಳಿಯುತ್ತದೆ, ತಳಕ್ಕೆ ತಾಗಿ ಹಿಂದಕ್ಕೆ ಹೊರಳುತ್ತದೆ, ಅಲ್ಲೇ ಸುಳಿಯಾಗಿ ಉರುಳತೊಡಗುತ್ತದೆ. ಆ ಸುಳಿಯ ಎರಡು ತುದಿಗಳು ಕಂಬದ ಎರಡೂ ಪಕ್ಕಕ್ಕೆ ಹರಿಯುತ್ತವೆ, ಕೊರಳಿಗೆ ಹಾಕಿದ ಶಾಲಿನ ಹಾಗೆ. ಶಾಲು ಬುಡದ ಮರಳನ್ನು ಎತ್ತಿ ಎತ್ತಿ ಹಿಂದಕ್ಕೆ ಎಸೆಯುತ್ತದೆ. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ.

ಕಂಬದ ಮೂತಿ ದುಂಡಗಿದ್ದರೆ ನೀರು ಅದನ್ನು ಒರಸಿಕೊಂಡು ಹೋಗುತ್ತದೆ. ಮೂತಿ ಚೌಕವಾಗಿದ್ದರೆ ಮೂಲೆ ತಿರುಗಲಾಗದೆ ಅಂಚಿನಲ್ಲೇ ಹರಿದು ಬೇರಾಗುತ್ತದೆ, ಪ್ರತಿ ಅಂಚೂ ಹೊಸ ಸುಳಿ ಹುಟ್ಟಿಸುತ್ತದೆ. ನಮ್ಮ ಸೇತುವೆಯ ನಾಲ್ಕು ಮತ್ತು ಐದನೇ ಕಂಬಗಳ ಕಲ್ಲು ಬಿರುಕು ಬಿಟ್ಟಿತೆಂದು ಹನ್ನೆರಡು ವರ್ಷದ ಹಿಂದೆ ಕಾಂಕ್ರೀಟಿನ ಹೊದಿಕೆ ಹಾಕಿಸಿದಿರಲ್ಲ, ಅವು ಅಂದಿನಿಂದ ಚೌಕ. ತೊಟ್ಟಿಯಲ್ಲಿ ಚೌಕ ಕಂಬದ ಗುಂಡಿ ದುಂಡು ಕಂಬದ ಗುಂಡಿಗಿಂತ ಆಳವಾಗಿ ಹೋಯಿತು.

ಮುಖ್ಯವಾದದ್ದು ಇದಾದ ಮೇಲೆ. ನೀರನ್ನು ನಿಧಾನವಾಗಿ ಇಳಿಸಿದೆವು. ಸುಳಿ ಸೋತಿತು. ಮೇಲಿನಿಂದ ಬರುತ್ತಿದ್ದ ಮರಳು ಗುಂಡಿಯೊಳಗೆ ಜಾರಿ ತುಂಬಿಕೊಂಡಿತು. ಐವತ್ತು ನಿಮಿಷದಲ್ಲಿ ತಳ ಮೊದಲಿನಂತೆ ಸಮವಾಯಿತು. ದಾರಕ್ಕೆ ಕಟ್ಟಿದ ಸೀಸದ ಮಣಿ ಇಳಿಬಿಟ್ಟು ಅಳೆದೆ, ಹಳೆಯ ಆಳವನ್ನೇ ತೋರಿಸಿತು. ಆಮೇಲೆ ಬೆರಳು ಚುಚ್ಚಿದೆ. ಬೆರಳು ಪೂರ್ತಿ ಒಳಗೆ ಹೋಯಿತು.

ನೀರು ಇಳಿದು ಹತ್ತು ದಿನವಾದ ಮೇಲೆ ಅಳೆಯಬೇಕೆಂಬುದು ವಿಭಾಗದ ನಿಯಮ. ಮಾವ ಆ ನಿಯಮದಂತೆ ಅಳೆದರು. ಅಂಕಿ ನಿಜ. ಆ ಹೊತ್ತಿಗೆ ಗುಂಡಿ ಮುಚ್ಚಿಕೊಂಡಿರುತ್ತಿತ್ತು.

ಮೂರು ವರ್ಷದ ಹಿಂದೆ ಇದನ್ನೇ ಚಿತ್ರ ಬರೆದು ನಿಮಗೆ ಕಳಿಸಿದ್ದೆ. ನೀವು ಒಂದು ಸಾಲಿನ ಉತ್ತರ ಬರೆದಿರಿ: 'ಗಾಜಿನ ತೊಟ್ಟಿಯಲ್ಲಿ ಮನುಷ್ಯರು ಮುಳುಗುವುದಿಲ್ಲ.' ಆ ಕಾಗದ ನನ್ನ ಹತ್ತಿರ ಇದೆ.

ನಿಮ್ಮ ಮಗಳು

ಸೆಪ್ಟೆಂಬರ್ 22

ಮಗಳಿಗೆ,

ನಿನ್ನ ಪತ್ರ ತಲುಪಿತು. ನಿಮ್ಮಮ್ಮನ ಮೊಣಕಾಲು ನೋವು ವಾಸಿ. ಇಲ್ಲಿ ಮಳೆ ನಿಂತಿದೆ.

ಅಪ್ಪ

ಅಕ್ಟೋಬರ್ 19

ಅಪ್ಪನಿಗೆ,

ಸೇತುವೆಯ ಬಗ್ಗೆ ವರದಿ ಕೊಡಿರೆಂದು ವಿಚಾರಣಾಧಿಕಾರಿ ನಮ್ಮ ಪ್ರಯೋಗಾಲಯಕ್ಕೆ ಬರೆದಿದ್ದಾರೆ. ನೀವು ನನ್ನ ತಂದೆ ಎಂದು ಮೇಲಿನವರಿಗೆ ತಿಳಿಸಿದ್ದೇನೆ. ವರದಿಗೆ ಇಬ್ಬರು ಸಹಿ ಹಾಕುತ್ತಾರೆ. ನಿಯಮ ಬರೆದವರ ಹೆಸರು ಅದರಲ್ಲಿ ಇರುತ್ತದೆ. ಬೇರೆಯವರಿಂದ ತಿಳಿಯುವುದು ಬೇಡವೆಂದು ಬರೆಯುತ್ತಿದ್ದೇನೆ.

ಕಳೆದ ವಾರ ಐದನೇ ಕಂಬದ ಪಕ್ಕದಲ್ಲಿ ಕೊಳವೆ ಇಳಿಸಿ ಮಣ್ಣು ತೆಗೆದರು. ಹದಿನಾಲ್ಕು ಅಡಿ ಕೆಳಗಿನ ಮರಳಿನಲ್ಲಿ ಬಿಸ್ಕತ್ತು ಪೊಟ್ಟಣದ ಚೂರು ಸಿಕ್ಕಿತು. ತಯಾರಾದ ದಿನಾಂಕ ಓದಲು ಬರುತ್ತದೆ: ಕಳೆದ ವರ್ಷದ ಮೇ. ಎಂದರೆ ಕಳೆದ ವರ್ಷದ ಪ್ರವಾಹದಲ್ಲಾಗಲಿ ಈ ವರ್ಷದ್ದರಲ್ಲಾಗಲಿ ಅಲ್ಲಿ ಹದಿನಾಲ್ಕು ಅಡಿ ಗುಂಡಿ ಬಾಯಿ ತೆರೆದಿತ್ತು.

ಗುಂಡಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಇದು ಸಾಬೀತು ಮಾಡುತ್ತದೆ. ಮಾವ ದೋಣಿಯಲ್ಲಿ ಹೋಗಿದ್ದರು ಎಂಬುದನ್ನು ಮಾಡುವುದಿಲ್ಲ. ಮನೆಯಲ್ಲಿ ಕುಳಿತು ಹಳೆಯ ಅಂಕಿಯನ್ನು ಇಳಿಸಿಕೊಂಡಿದ್ದರೂ ಪುಸ್ತಕ ಹೀಗೇ ಇರುತ್ತಿತ್ತಲ್ಲವೇ ಎಂದು ಅಧಿಕಾರಿ ಕೇಳಿದರು. ದೋಣಿಯಲ್ಲಿ ಜೊತೆಗೆ ಹೋಗುತ್ತಿದ್ದ ಅಂಬಿಗ ಈ ಬೇಸಿಗೆಯಲ್ಲೇ ತೀರಿಕೊಂಡರಂತೆ.

ಅವರು ನಿಜವಾಗಿ ಹೋಗಿದ್ದರು ಎನ್ನಲು ಏನಾದರೂ ಇದೆಯೇ? ನಿಮಗಲ್ಲದೆ ಇನ್ಯಾರಿಗೂ ಗೊತ್ತಿರುವುದಿಲ್ಲ.

ನಿಮ್ಮ ಮಗಳು

ನವೆಂಬರ್ 3

ಮಗಳಿಗೆ,

ಇದೆ. ಆಗಸ್ಟಿನಿಂದಲೇ ನನಗೆ ಗೊತ್ತಿತ್ತು.

ಮೊದಲು ನಿಯಮದ ವಿಷಯ. ಇಪ್ಪತ್ತೆರಡು ವರ್ಷದ ಹಿಂದೆ ಪ್ರವಾಹದಲ್ಲೇ ಅಳೆಯುತ್ತಿದ್ದೆವು. ಒಂದು ದಿನ ಎರಡನೇ ಕಂಬದ ಹಿಂದಿನ ಸುಳಿಗೆ ದೋಣಿ ಸಿಕ್ಕಿ ಮಗುಚಿತು. ಮಾವ ಹಗ್ಗ ಹಿಡಿದು ಬದುಕಿದ. ಇನ್ನೊಬ್ಬ, ಇಪ್ಪತ್ನಾಲ್ಕು ವರ್ಷದ ಅಂಬಿಗ, ಬದುಕಲಿಲ್ಲ. ನಾನು ದಡದಲ್ಲಿ ಕೊಡೆ ಹಿಡಿದು ನಿಂತಿದ್ದೆ. ಅದೇ ವಾರ ನಿಯಮ ಬರೆದೆ. ಇನ್ನು ಯಾರೂ ಅಳತೆಗೋಸ್ಕರ ಸಾಯಬಾರದು ಎಂದುಕೊಂಡಿದ್ದೆ. ನಿನ್ನ ಚಿತ್ರಗಳು ಬಂದಾಗ ನನಗೆ ಕಂಡದ್ದು ಆ ದೋಣಿ. ಅದಕ್ಕೆ ಆ ಒಂದು ಸಾಲು ಬರೆದೆ. ಇದು ಸಮಜಾಯಿಷಿ ಅಲ್ಲ, ನಡೆದದ್ದು.

ಈಗ ಪುಸ್ತಕದ ವಿಷಯ. ಹೊದಿಕೆ ಹಾಕಿಸಿದ ಮರುವರ್ಷ ನಾಲ್ಕು ಮತ್ತು ಐದನೇ ಕಂಬಗಳ ಮುಂದೆ, ಷರಾ ಕಾಲಂನಲ್ಲಿ, ಮಾವ 'ಮೆತ್ತಗಿದೆ' ಎಂದು ಬರೆದಿದ್ದ. ನಾನು ಕರೆಸಿ ಕೇಳಿದೆ.

"ಏನಯ್ಯಾ ಇದು, ಮೆತ್ತಗಿದೆ ಅಂದ್ರೆ? ಇಡ್ಲಿನಾ?"

"ಗುಂಡು ನಿಲ್ಲುತ್ತೆ ಸಾರ್. ಆದ್ರೆ ಹಗ್ಗ ಕೈಗೆ ಒದೆಯಲ್ಲ. ಗಟ್ಟಿ ತಳ ಆದ್ರೆ ಒದೀತದೆ. ಇದು ಹಾಸಿಗೆ ಮೇಲೆ ಕೂತ ಹಾಗೆ ಕೂರುತ್ತೆ."

"ಅಡಿ ಎಷ್ಟು, ಇಂಚು ಎಷ್ಟು, ಅಷ್ಟು ಬರಿ. ಷರಾದಲ್ಲಿ ಕವಿತೆ ಬೇಡ."

ಎರಡೂ ಷರಾ ಹೊಡೆದುಹಾಕಿ ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದೆ. ಅವನು ಹೋಗಲಿಲ್ಲ, ಅಲ್ಲೇ ನಿಂತ. "ಹಂಗಾದ್ರೆ ಒಂದು ಚುಕ್ಕೆ ಇಡ್ಲಾ ಸಾರ್? ಮನಸ್ಸಿಗೆ ಸಮಾಧಾನ" ಎಂದ. ನಾನು ನಕ್ಕೆ. "ಇಟ್ಕೋ. ಚುಕ್ಕೆಗೆ ಯಾರೂ ಅರ್ಥ ಕೇಳಲ್ಲ" ಎಂದೆ.

ಮರುವರ್ಷದಿಂದ ಆ ಎರಡು ಕಂಬಗಳ ಮುಂದೆ ಷರಾ ಕಾಲಂನಲ್ಲಿ ಪ್ರತಿ ವರ್ಷ ಒಂದೊಂದು ಚುಕ್ಕೆ ಇದೆ. ನಾನು ನಿವೃತ್ತನಾಗುವ ತನಕ ಆ ಪುಟಗಳಿಗೆ ನಾನೇ ಸಹಿ ಹಾಕಿದ್ದೇನೆ. ಆಮೇಲಿನ ಆರು ವರ್ಷವೂ ಅವನು ಇಟ್ಟಿದ್ದಾನೆ, ಓದುವವರು ಯಾರೂ ಇಲ್ಲದಿದ್ದರೂ. ಎರಡು ಕಂಬಕ್ಕೆ ಮಾತ್ರ ಚುಕ್ಕೆ, ಉಳಿದ ಏಳಕ್ಕೆ ಇಲ್ಲ. ಹಗ್ಗವನ್ನು ಕೈಯಲ್ಲಿ ಹಿಡಿಯದವನಿಗೆ ತಳ ಮೆತ್ತಗಿರುವುದು ತಿಳಿಯುವುದಿಲ್ಲ. ಮನೆಯಲ್ಲಿ ಕುಳಿತು ಬರೆಯುವವನು ಆ ಚುಕ್ಕೆ ಇಡುವುದಿಲ್ಲ.

ಅಧಿಕಾರಿಗಳು ಅವನ್ನು ಪೆನ್ನು ತಾಗಿದ ಗುರುತೆಂದುಕೊಂಡಿದ್ದಾರೆ. ಅರ್ಥ ಗೊತ್ತಿದ್ದವರು ಇಬ್ಬರೇ.

ಆಗಸ್ಟಿನಲ್ಲಿ ದಡದ ಮೇಲೆ ನಿಂತಾಗ ಮೊದಲು ನೆನಪಾದದ್ದು ಆ ಚುಕ್ಕೆ. ಮೂರು ತಿಂಗಳು ಬಾಯಿ ಬಿಡಲಿಲ್ಲ. ನಿಮ್ಮಮ್ಮನಿಗೆ ಮೊನ್ನೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನನಗ್ಯಾಕೆ ಹೇಳ್ತೀರಿ? ಹೇಳೋ ಜಾಗದಲ್ಲಿ ಹೇಳಿ" ಎಂದಳು.

ಇಂತಿ,
ಅಪ್ಪ

ನವೆಂಬರ್ 12

ಅಪ್ಪನಿಗೆ,

ನಿಮ್ಮ ಪತ್ರವನ್ನು ಯಾರಿಗೂ ತೋರಿಸಿಲ್ಲ. ತೋರಿಸುವುದೂ ಇಲ್ಲ. ನೀವು ಏನು ಮಾಡುತ್ತೀರಿ ಎಂದು ಕೇಳುವುದೂ ಇಲ್ಲ.

ನನ್ನದೊಂದು ಇದೆ. ಮೂರು ವರ್ಷದ ಹಿಂದೆ ಆ ಚಿತ್ರಗಳನ್ನು ವಿಭಾಗಕ್ಕೂ ಕಳಿಸಬಹುದಿತ್ತು. ಲಕೋಟೆಗೆ ವಿಳಾಸ ಕೂಡ ಬರೆದಿದ್ದೆ. ನಿಮ್ಮ ಒಂದು ಸಾಲು ಬಂದ ಮೇಲೆ, ಬೇಡವೆಂದರೆ ಬಿಡಲಿ ಎಂದು ಮೇಜಿನ ಖಾನೆಯಲ್ಲಿ ಹಾಕಿದೆ. ನಿಮ್ಮ ಮೇಲಿನ ಸಿಟ್ಟನ್ನು ಸೇತುವೆಯ ಮೇಲೆ ತೀರಿಸಿಕೊಂಡೆ. ಆಗಸ್ಟಿನಲ್ಲಿ ಊರಿಗೆ ಬಾರದೆ ಇದ್ದದ್ದು ಅದಕ್ಕೆ, ಕೆಲಸಕ್ಕಲ್ಲ. ಅತ್ತೆಯ ಮುಖ ನೋಡುವುದು ಹೇಗೆ ಎಂದು ತಿಳಿಯಲಿಲ್ಲ.

ವಿಚಾರಣೆ ಡಿಸೆಂಬರ್ ಐದಕ್ಕೆ. ಪ್ರಯೋಗಾಲಯದಿಂದ ನನ್ನ ಮೇಲಧಿಕಾರಿ ಬರುತ್ತಾರೆ. ನನ್ನನ್ನು ಕಳಿಸುವುದಿಲ್ಲ.

ನಿಮ್ಮ ಮಗಳು

ಡಿಸೆಂಬರ್ 6

ಮಗಳಿಗೆ ಆಶೀರ್ವಾದಗಳು.

ನಿನ್ನೆ ಹೇಳಿಕೆ ಕೊಟ್ಟೆ. ಹನ್ನೊಂದು ಪುಸ್ತಕಗಳನ್ನು ದಾಖಲೆ ಕೋಣೆಯಿಂದ ತರಿಸಿ ಮೇಜಿನ ಮೇಲೆ ಸಾಲಾಗಿ ಬಿಡಿಸಿಟ್ಟರು. ಮೊದಲನೆಯದರಲ್ಲಿ ನಾನು ಹೊಡೆದುಹಾಕಿದ ಷರಾ, ಉಳಿದ ಹತ್ತರಲ್ಲಿ ಚುಕ್ಕೆ. ಒಂದು ವರ್ಷವೂ ತಪ್ಪಿಲ್ಲ.

ಅಧಿಕಾರಿ ವಯಸ್ಸಿನಲ್ಲಿ ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ದನಿ ಎತ್ತದೆ ಕೇಳಿದರು.

"ಈ ಚುಕ್ಕೆಗೆ ಅರ್ಥ ಏನು?"

"ತಳ ಮೆತ್ತಗಿದೆ ಅಂತ."

"ಯಾರು ಹೇಳಿದ್ದು?"

"ಅವನೇ. ಇಡೋಕೆ ಅನುಮತಿ ಕೊಟ್ಟವನು ನಾನು."

"ಅರ್ಥ ಗೊತ್ತಿದ್ದೂ ಸಹಿ ಹಾಕಿದ್ರಿ."

"ಹೌದು."

"ಎಷ್ಟು ಸಲ?"

"ನಾಲ್ಕು ಸಲ. ಆಮೇಲೆ ನಿವೃತ್ತನಾದೆ."

"ತಳ ಮೆತ್ತಗಿದ್ರೆ ಏನು ಅಂತ ನಿಮಗೆ ಅನ್ನಿಸಲಿಲ್ವಾ?"

ಅನ್ನಿಸಿತ್ತು. ಎರಡನೇ ವರ್ಷವೇ ಅನ್ನಿಸಿತ್ತು. ಅದು ನಿಜವಾದರೆ ಮತ್ತೆ ಪ್ರವಾಹದಲ್ಲಿ ದೋಣಿ ಇಳಿಸಬೇಕಾಗುತ್ತಿತ್ತು, ಹೊದಿಕೆ ಹಾಕಿಸಿದ್ದು ತಪ್ಪೆಂದು ಬರೆಯಬೇಕಾಗುತ್ತಿತ್ತು. ಇಷ್ಟನ್ನೂ ಹೇಳಿದೆ. ಬೆರಳಚ್ಚಿನವಳು ನಡುವೆ ಒಮ್ಮೆ ನಿಲ್ಲಿಸಿ, "ಸಾರ್, ಸ್ವಲ್ಪ ನಿಧಾನ" ಎಂದಳು. ನಿಧಾನವಾಗಿ ಮತ್ತೊಮ್ಮೆ ಹೇಳಿದೆ. ಎರಡನೇ ಸಲ ಹೇಳುವುದು ಹೆಚ್ಚು ಕಷ್ಟವಾಯಿತು.

ನಿಮ್ಮ ಪ್ರಯೋಗಾಲಯದವರು ಕೊಳವೆಯ ಮಣ್ಣಿನ ವಿವರ ಕೊಟ್ಟರು. ಚುಕ್ಕೆ ಇದ್ದ ಕಂಬದ ಪಕ್ಕದಲ್ಲೇ ಹೊಸ ಮರಳು ಎಂಬುದನ್ನು ಅಧಿಕಾರಿ ಎರಡು ಗೆರೆ ಎಳೆದು ಗುರುತು ಮಾಡಿಕೊಂಡರು.

ಅತ್ತೆ ಹಿಂದಿನ ಬೆಂಚಿನಲ್ಲಿದ್ದರು. ಮುಗಿದ ಮೇಲೆ ಮೆಟ್ಟಿಲ ಹತ್ತಿರ ಕಾದು ನಿಂತೆ. ಏನು ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದೆ. ಅವರೇ ಮೊದಲು ಮಾತಾಡಿದರು.

"ಅಣ್ಣಾ, ಆ ಚುಕ್ಕೆ ಅವರು ಇಲಾಖೆಗೆ ಇಟ್ಟಿದ್ದಲ್ಲ. ನಿಮಗೆ ಇಟ್ಟಿದ್ದು."

"ಗೊತ್ತಮ್ಮಾ."

"ನೀವು ಹೋದ ಮೇಲೂ ಇಟ್ರು. ನನ್ನ ಹತ್ರ ಒಂದ್ಸಲಾನೂ ಹೇಳಲಿಲ್ಲ. ಎಂದಾದ್ರೂ ನೋಡ್ತೀರಿ ಅಂದ್ಕೊಂಡಿರಬೇಕು." ಸೆರಗಿನಿಂದ ಕೈ ಒರೆಸಿಕೊಂಡರು. ಕೈ ಒದ್ದೆಯಿರಲಿಲ್ಲ. "ಅವರ ಹೆಸರು ಉಳಿಸಿದ್ರಿ. ಅದಕ್ಕೆ ಋಣಿ. ಮನೆಗೆ ಬರಬೇಡಿ. ಅತ್ತಿಗೆ ಬರಲಿ, ನೀವು ಬೇಡ."

ನಾನು ಸರಿ ಎಂದೆ.

ನೀನು ಲಕೋಟೆಯ ವಿಷಯ ಬರೆದಿದ್ದೆ. ಆ ಲಕೋಟೆಗೆ ನೀನು ಹೊಣೆಯಲ್ಲ. ಆ ಚಿತ್ರಗಳು ನನ್ನ ಮೇಜಿಗೂ ಬಂದಿದ್ದವು, ನಿನ್ನ ಖಾನೆಗಿಂತ ಮೊದಲು.

ಇಂತಿ,
ಅಪ್ಪ

ಫೆಬ್ರವರಿ 8

ಅಪ್ಪನಿಗೆ,

ಹೋದ ಶನಿವಾರ ಅತ್ತೆಯ ಮನೆಗೆ ಬಂದಿದ್ದೆ. ಅಲ್ಲಿಂದ ನಮ್ಮ ಮನೆಗೆ ನಡೆದರೆ ಹದಿನೈದು ನಿಮಿಷ. ಬರದೆ ಹೋದೆ. ಅಮ್ಮ ಹೇಗೂ ಹೇಳಿರುತ್ತಾಳೆ.

ಅತ್ತೆಗೆ ಎಲ್ಲ ಹೇಳಿದೆ, ಲಕೋಟೆಯನ್ನೂ ಸೇರಿಸಿ. ಅವರು ಕೇಳಿಸಿಕೊಂಡು, "ಊಟ ಮಾಡಿದ್ಯಾ?" ಎಂದರು. ಬಡಿಸಿದರು. ನಾನು ಉಂಡೆ. ಬೇರೆ ಏನೂ ನಡೆಯಲಿಲ್ಲ.

ಬಸ್ಸಿನಲ್ಲಿ ಕುಳಿತ ಮೇಲೆ ನಿಮ್ಮ ಬಗ್ಗೆ ಸಿಟ್ಟು ಮೊದಲಿನಷ್ಟು ಇಲ್ಲ ಅನ್ನಿಸಿತು. ಇದೆ, ಆದರೆ ಅಷ್ಟಿಲ್ಲ. ಇದನ್ನು ಹೇಳಬೇಕೋ ಬೇಡವೋ ಎಂದು ಎಂಟು ದಿನ ಯೋಚಿಸಿ ಬರೆಯುತ್ತಿದ್ದೇನೆ.

ಮಗಳು

ಜುಲೈ 9

ಮಗಳಿಗೆ ಆಶೀರ್ವಾದಗಳು.

ಅಂತಿಮ ವರದಿ ಜೂನ್ ಇಪ್ಪತ್ತೆಂಟಕ್ಕೆ ಹೊರಬಂತು. ವಿಭಾಗದ ಗುಮಾಸ್ತ ಪ್ರತಿ ತಂದುಕೊಟ್ಟ. 'ಅಳತೆಗಾರ ಪ್ರತಿ ವರ್ಷವೂ ಸ್ಥಳಕ್ಕೆ ಹೋಗಿ ಅಳೆದಿದ್ದು ದೃಢಪಟ್ಟಿದೆ' ಎಂದು ಮೂವತ್ತನೇ ಪುಟದಲ್ಲಿದೆ. ಮಾವನ ಹೆಸರು ಅಲ್ಲಿ ಒಂದು ಸಲ ಬರುತ್ತದೆ. ನನ್ನದು ಏಳು ಸಲ. ತಪ್ಪಿಲ್ಲದೆ ಅಚ್ಚಾಗಿದೆ.

ಪತ್ರಿಕೆಯಲ್ಲಿ ಒಳಪುಟದಲ್ಲಿ ಆರು ಸಾಲು ಬಂತು. ನಿಮ್ಮಮ್ಮ ಅದನ್ನು ಕತ್ತರಿಸಿ ಅತ್ತೆಗೆ ಕೊಟ್ಟು ಬಂದಳು. ಅತ್ತೆ ಓದಿ, ಮಡಿಸಿ, "ಇಷ್ಟೇನಾ?" ಎಂದರಂತೆ.

ಹತ್ತು ದಿನದ ನಿಯಮ ರದ್ದಾಗಿದೆ. ಇನ್ನು ಮೇಲೆ ಪ್ರವಾಹ ಇರುವಾಗಲೇ ಅಳೆಯಬೇಕು. ದೋಣಿ ಇಳಿಸುವಂತಿಲ್ಲ. ಸೇತುವೆಯ ಮೇಲೆ ನಿಂತು, ಉದ್ದ ತೋಳಿನ ಯಂತ್ರದಿಂದ ಗುಂಡು ಇಳಿಸಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಇದು ನನಗೆ ಹೊಳೆದಿದ್ದರೆ ಎಂದು ದಿನಕ್ಕೆ ಒಮ್ಮೆಯಾದರೂ ಅಂದುಕೊಳ್ಳುತ್ತೇನೆ. ಆಗಲೂ ಅಂಥ ಯಂತ್ರ ಇತ್ತು. ಬಂದರಿನಲ್ಲಿ ನೋಡಿದ್ದೆ.

ನಿನ್ನೆ ಮಧ್ಯಾಹ್ನದಿಂದ ನದಿ ಪ್ರವಾಹದ ಗುರುತು ದಾಟಿ ಹರಿಯುತ್ತಿದೆ. ಸೇತುವೆಯ ಉಳಿದ ಭಾಗಕ್ಕೆ ಅಳತೆಯವರ ಹೊರತು ಯಾರನ್ನೂ ಬಿಡುತ್ತಿಲ್ಲ. ಬೇಸಿಗೆಯಲ್ಲಿ ಐದನೇ ಕಂಬದ ಬುಡಕ್ಕೆ ದಪ್ಪ ಕಲ್ಲು ಸುರಿದಿದ್ದಾರೆ. ಅದು ನಿಂತಿದೆಯೋ ಕೊಚ್ಚಿಹೋಗಿದೆಯೋ ಯಾರಿಗೂ ಗೊತ್ತಿಲ್ಲ. ಹೊಸ ಅಳತೆಗಾರ್ತಿ ಸಂಜೆ ಮನೆಗೆ ಬಂದು, ಹಗ್ಗ ಒದೆಯುವುದು ಅಂದರೆ ಹೇಗಿರುತ್ತದೆ ಎಂದು ಕೇಳಿದಳು. ನನಗೆ ಹೇಳಲು ಬರಲಿಲ್ಲ. ನಾನು ಒಂದು ಸಲವೂ ಹಗ್ಗ ಹಿಡಿದವನಲ್ಲ.

ನಾಳೆ ಬೆಳಿಗ್ಗೆ ಎಂಟು ಗಂಟೆಗೆ, ನೀರು ಇಳಿಯುವ ಮೊದಲು, ಆಚೆ ದಡದ ಕಡೆಯಿಂದ ಐದನೇ ಕಂಬದ ಬುಡ ಅಳೆಯುತ್ತಾರೆ.

ಇಂತಿ,
ಅಪ್ಪ